ಚಿಬ್ಬು ಬೆಳೆದವಳು

ನಾನು ಕೋಲು ಮಾರುವವನು. ನೀಲಗಿರಿಯ ತೆಳ್ಳನೆ ಕೋಲು, ಎರಡಾಳೆತ್ತರದ್ದು, ಬಳ್ಳಿ ಬೀನ್ಸ್ ಹಬ್ಬಲೆಂದು ನೆಡುವಂಥದ್ದು. ನಮ್ಮ ಗುಡ್ಡದಲ್ಲಿ ಮೊದಲಿನಿಂದಲೂ ಮೊಣಕಾಲೆತ್ತರದ ಗಿಡ್ಡ ಬೀನ್ಸ್ ಬಿತ್ತುವವರೇ ಎಲ್ಲ, ಅದಕ್ಕೆ ಕೋಲಿನ ಹಂಗಿಲ್ಲ. ಹೀಗಾಗಿ ಬಹಳ ಕಾಲ ನನಗಿದ್ದದ್ದು ಒಂದೇ ಗಿರಾಕಿ, ಗುಡ್ಡದ ನೆತ್ತಿಯ ಮೇಲಿನ ಬೀನ್ಸ್ ಸಂಶೋಧನಾ ಕೇಂದ್ರ. ಪ್ರತಿ ಬಿತ್ತನೆಗೂ ಅಲ್ಲಿಗೆ ಕೋಲು ಹೊತ್ತು ಹಾಕುತ್ತಿದ್ದೆ. ಅಲ್ಲಿ ಕೆಲಸಕ್ಕಿದ್ದ ನಮ್ಮ ಗುಡ್ಡದ ದೋನಾತಿಲ್ಲಾಳನ್ನು ನಾನು ಹತ್ತಿರದಿಂದ ಅರಿತದ್ದು ಹೀಗೆ. ಅವಳ ವಿಷಯದಲ್ಲಿ ಊರಲ್ಲಿ ಬಾಯಿಗೊಂದು ಮಾತಿದೆ. ರುವಾಂಡಾದಲ್ಲಿ ಗುಡ್ಡವೇ ಊರು, ಒಂದು ಮಗ್ಗುಲಲ್ಲಿ ಕೆಮ್ಮಿದರೆ ಇನ್ನೊಂದು ಮಗ್ಗುಲಲ್ಲಿ ಸತ್ತರಂತೆ ಅನ್ನುತ್ತಾರೆ. ಹಾಗಾಗಿ ಊರಿನ ಮಾತು ಬದಿಗಿರಲಿ, ನಾನು ಕಂಡದ್ದನ್ನು ಹೇಳುತ್ತೇನೆ.

ಕೇಂದ್ರದಲ್ಲಿ ಅವಳಿಗಿದ್ದ ಕೆಲಸ ಬೀನ್ಸಿಗೆ ರೋಗ ಹತ್ತಿಸುವುದು. ಕೇಳಿದವರು ನಗುತ್ತಾರೆ, ಆದರೆ ಅದಕ್ಕೆ ಸಂಬಳವಿತ್ತು. ಹೊಸ ತಳಿ ಮಾಡುವವರು ಒಂದು ಬೀನ್ಸಿನ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸಿ, ಹುಟ್ಟಿದ ಕಾಳನ್ನು ಬಿತ್ತಿ, ಅದರಲ್ಲಿ ರೋಗಕ್ಕೆ ಬಗ್ಗದ್ದು ಯಾವುದು ಎಂದು ನೋಡಬೇಕು. ರೋಗವೇ ಬರದಿದ್ದರೆ ನೋಡುವುದು ಏನನ್ನು? ಅದಕ್ಕಾಗಿ ಪರೀಕ್ಷೆಯ ಸಾಲುಗಳ ನಡುನಡುವೆ ಬೇಗ ಕಾಯಿಲೆ ಬೀಳುವ ಬೀನ್ಸನ್ನು ಬಿತ್ತಿ, ಅದಕ್ಕೆ ಚಿಬ್ಬು ರೋಗ ಹತ್ತಿಸಿ, ಅಲ್ಲಿಂದ ಅಕ್ಕಪಕ್ಕಕ್ಕೆ ಹಬ್ಬಲು ಬಿಡುತ್ತಾರೆ. ಆ ರೋಗದ ಸಾಲುಗಳು ದೋನಾತಿಲ್ಲಾಳವು. ಹೋದ ಬೆಳೆಯಲ್ಲಿ ಚಿಬ್ಬು ಹಿಡಿದ ಎಲೆ, ಕಾಯಿಗಳನ್ನು ಒಣಗಿಸಿ ಚೀಲದಲ್ಲಿ ಕಟ್ಟಿಡುತ್ತಿದ್ದಳು. ಮಳೆ ಹಿಡಿದ ಮೇಲೆ ಅದನ್ನು ನೆನೆಸಿ, ಕಿವುಚಿ, ಸೋಸಿ, ಸಂಜೆ ಹೊತ್ತು ಎಲೆಗಳ ಅಡಿಗೆ ಚಿಮುಕಿಸುತ್ತಿದ್ದಳು.

"ಹೇಗಿದೆ ಅಕ್ಕಾ ಈ ಸಲದ ಬೆಳೆ?" ಎಂದು ಕೋಲಿನ ಹೊರೆ ಇಳಿಸುತ್ತ ಕೇಳುತ್ತಿದ್ದೆ.

"ತುಂಬಾ ಚೆನ್ನಾಗಿದೆ ಗಾಸ್ಪಾರ್. ಈ ಸಾಲು ನೋಡು, ಒಂದೊಂದು ಕಾಯಿಗೂ ಕುಳಿ ಬಿದ್ದಿದೆ. ಎಲೆ ಮಗುಚಿ ನೋಡು, ನರವೆಲ್ಲ ಕಪ್ಪು. ದೇವರು ಒಳ್ಳೆ ಮಳೆ ಕೊಟ್ಟ."

ಬೇಗ ಕಾಯಿಲೆ ಬೀಳುವ ಆ ಬೀನ್ಸ್ ಬೇರೆ ಯಾವುದೂ ಅಲ್ಲ, ನಮ್ಮ ಗುಡ್ಡದ್ದೇ. ಕೆನೆ ಬಣ್ಣದ ಮೇಲೆ ಕೆಂಪು ಚುಕ್ಕೆ, ಬೆಂದರೆ ಬಾಯಲ್ಲಿ ಕರಗುತ್ತದೆ. ದೋನಾತಿಲ್ಲಾಳ ಬೀಜವಂತೂ ಅವಳ ಅಮ್ಮನ ಬುಟ್ಟಿಯಿಂದ ಬಂದದ್ದು. ಕೇಂದ್ರದವರು ಗುಡ್ಡವೆಲ್ಲ ಹುಡುಕಿ, ಚಿಬ್ಬಿಗೆ ಇಷ್ಟು ಸಲೀಸಾಗಿ ಬೀಳುವ ಬೀಜ ಇನ್ನೊಂದಿಲ್ಲವೆಂದು ಅದನ್ನೇ ಆರಿಸಿದ್ದರು. ಅವಳು ಸಾಲಿನ ಕಳೆ ತೆಗೆದು, ಗೊಬ್ಬರ ಕೊಟ್ಟು, ಗಿಡ ಮೈದುಂಬಿಕೊಂಡ ಮೇಲೆ ರೋಗದ ನೀರು ಹಾಕುವಳು. "ನಮ್ಮಮ್ಮ ಇದನ್ನ ಮಕ್ಕಳ ಥರ ಸಾಕ್ತಿದ್ಲು. ನಾನು ಸಾಕಿ ಸಾಯಿಸ್ತೀನಿ," ಎಂದು ಒಂದು ಸಲ ಹೇಳಿ ಜೋರಾಗಿ ನಕ್ಕಳು. ನನಗೆ ನಗು ಬರಲಿಲ್ಲ.

ಹೊಲದಿಂದ ಹೊರಡುವ ಮುಂಚೆ ಅವಳು ಮೇಲಂಗಿಯನ್ನು ಅಲ್ಲೇ ಕಳಚಿಟ್ಟು, ಬೂಟು ತೊಳೆದು, ಮೊಣಕೈವರೆಗೆ ಸೋಪು ಹಚ್ಚಿಕೊಳ್ಳಬೇಕು. ಒದ್ದೆ ಬಟ್ಟೆಯಲ್ಲಿ ರೋಗ ಊರಿಗಿಳಿಯಬಾರದೆಂದು ತಳಿ ಮಾಡುವ ಅಧಿಕಾರಿ ಕಾಯುಂಬಾ ಹಾಕಿದ ಕಟ್ಟಳೆ. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಗುಡ್ಡದವರ ಕಣ್ಣಿಗೆ ಬಿದ್ದದ್ದು ಆ ತೊಳೆಯುವಿಕೆಯೇ. ಏನೂ ಇಲ್ಲದಿದ್ದರೆ ಅಷ್ಟೊಂದು ಯಾಕೆ ಉಜ್ಜಬೇಕು ಎಂದರು. ನಮ್ಮಲ್ಲಿ ವಿಷ ಹಾಕುವವರ ಭಯ ದೊಡ್ಡದು. ಯಾರ ಮನೆಗೆ ಹೋದರೂ ಕೊಡುವವರು ಮೊದಲು ತಾವೊಂದು ಗುಟುಕು ಕುಡಿದು, ಆಮೇಲೆ ಪಾತ್ರೆ ಕೈಗಿಡುತ್ತಾರೆ. ದೋನಾತಿಲ್ಲಾ ಎರಡು ಗುಟುಕು ಕುಡಿದು ಕೊಟ್ಟರೂ ಹೆಂಗಸರಿಗೆ ಅದೇ ಹೊತ್ತಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ನಾನು ಮಾತ್ರ ಕುಡಿಯುತ್ತಿದ್ದೆ. ಧೈರ್ಯವೇನಲ್ಲ, ಬಿಟ್ಟಿ ಸಿಕ್ಕಿದ್ದನ್ನು ಬಿಟ್ಟು ಅಭ್ಯಾಸವಿಲ್ಲ.

ಅವಳ ಗಂಡ ವಿಯಾನೆ ಇಟ್ಟಿಗೆ ಸುಡುವವನು, ಮಾತು ಕಡಿಮೆ. ಜೋಳದ ಬಿಯರಿನ ಮಡಕೆ ಸುತ್ತ ಗಂಡಸರು ಕೂತರೆ ಹೀರುವ ಒಂದೇ ಕೊಳವೆ ಕೈಯಿಂದ ಕೈಗೆ ಹೋಗುತ್ತದೆ. ಅದು ವಿಯಾನೆಯ ಪಕ್ಕದವನ ತನಕ ಬಂದು, ಅವನನ್ನು ದಾಟಿ, ಆಚೆಯವನಿಗೆ ಹೋಗತೊಡಗಿತು. ಕೊನೆಗೆ ಅವನು ತನ್ನದೇ ಕೊಳವೆಯನ್ನು ಜೇಬಲ್ಲಿಟ್ಟುಕೊಂಡು ಬಂದ. ಅದನ್ನು ಮಡಕೆಗೆ ಹಾಕಿದ ಕೂಡಲೇ ಎಲ್ಲರೂ ಎದ್ದು ಹೋದರು. ಅಂದು ಅಷ್ಟೂ ಬಿಯರನ್ನು ಅವನೊಬ್ಬನೇ ಕುಡಿದು ಮುಗಿಸಿದ. ಅದು ಸಂತೋಷದ ಕುಡಿತವಾಗಿರಲಿಲ್ಲ.

ಹಾಗಿದ್ದರೆ ಕೆಲಸ ಬಿಡಬಹುದಿತ್ತಲ್ಲ? ಅದನ್ನು ನಾನೂ ಕೇಳಿದ್ದೆ. ಅವಳು ನನ್ನನ್ನು ಸಾಲುಗಳ ನಡುವೆ ಕರೆದುಕೊಂಡು ಹೋಗಿ ಒಂದು ಬಳ್ಳಿಯ ಮುಂದೆ ನಿಲ್ಲಿಸಿದಳು. ಎರಡು ಮಗ್ಗುಲಲ್ಲೂ ಅವಳ ರೋಗದ ಸಾಲು ಕರಕಲಾಗಿ ಬಿದ್ದಿತ್ತು. ನಡುವೆ ಈ ಬಳ್ಳಿ ನನ್ನ ಕೋಲಿನ ತುದಿ ಮುಟ್ಟಿ, ಇನ್ನು ಹತ್ತಲು ಏನೂ ಸಿಗದೆ ಗಾಳಿಯಲ್ಲಿ ತಡಕಾಡುತ್ತಿತ್ತು. ಎಲೆಯಲ್ಲಿ ಒಂದು ಚುಕ್ಕೆ ಇಲ್ಲ.

"ಇದು ಹದಿನೇಳನೇ ಸಾಲು. ಇದರ ತಾಯಿ ಯಾರು ಗೊತ್ತಾ? ನಮ್ಮಮ್ಮನ ಬೀನ್ಸೇ. ಅಪ್ಪ ಎಲ್ಲಿಯದ್ದೋ ಕರೀ ಬಳ್ಳಿ, ಕಾಳು ಕಲ್ಲು ಕಲ್ಲು, ತಿಂದ್ರೆ ಮಣ್ಣು ರುಚಿ, ಆದ್ರೆ ಕಾಯಿಲೆ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ. ಎಷ್ಟು ಬೆಳೆ ಆಯ್ತು ಗಾಸ್ಪಾರ್, ಸಾವಿರಾರು ಗಿಡ ಕಿತ್ತು ಬಿಸಾಕಿದೀನಿ. ಇದೊಂದು ನಿಂತಿದೆ. ಅಮ್ಮನ ರುಚಿ, ಅಪ್ಪನ ಮೈ."

ಅವಳು ಒಂದು ಕಾಯಿ ಒಡೆದು ಕಾಳು ತೋರಿಸಿದಳು. ನಮ್ಮ ಗುಡ್ಡದ ಬೀನ್ಸೇ, ಕೆನೆಯ ಮೇಲೆ ಕೆಂಪು ಚುಕ್ಕೆ. ಕಾಳಿನ ಕಣ್ಣಿನ ಸುತ್ತ ಮಾತ್ರ ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆ.

"ಇದು ಗುಡ್ಡಕ್ಕೆ ಇಳೀಬೇಕು. ನನ್ನ ಕೈಯಿಂದಲೇ ಇಳೀಬೇಕು. ಆಮೇಲೆ ಅದ್ಯಾರು ಏನಂತಾರೋ ನೋಡ್ತೀನಿ," ಎಂದಳು. ಅವಳಿಗೆ ಬೇಕಾದದ್ದು ಅಷ್ಟೇ. ಹಣವಲ್ಲ, ಕೇಂದ್ರದಲ್ಲಿ ಬಡ್ತಿಯಲ್ಲ. ತಾನು ಇಷ್ಟು ವರ್ಷ ರೋಗ ಬೆಳೆದದ್ದು ಯಾತಕ್ಕೆ ಎಂದು ಗುಡ್ಡದವರು ತಮ್ಮ ಹೊಲದಲ್ಲೇ ನೋಡಬೇಕು.

ಕಾಯುಂಬಾ ಕೊನೆಗೆ ಕೇಂದ್ರದ ಕೆಲಸದವರಿಗೆಲ್ಲ ಆ ಹದಿನೇಳನೇ ಸಾಲಿನ ಬೀಜವನ್ನು, ಅವರ ಬಾಯಲ್ಲಿ ಬರೀ 'ಹದಿನೇಳು', ಒಂದೊಂದು ಚೀಲ ಕೊಟ್ಟು, ಮನೆಯ ಹೊಲದಲ್ಲಿ ಬಿತ್ತಿ ನೋಡಲು ಹೇಳಿದ. ಉಳಿದವರು ಬೇರೆ ಬೇರೆ ಗುಡ್ಡದವರು. ನಮ್ಮಲ್ಲಿ ಬಿತ್ತಿದ್ದು ದೋನಾತಿಲ್ಲಾ ಒಬ್ಬಳೇ. ನಾನು ಕೋಲು ತಂದು ಹಾಕಿದೆ. ದಾರಿಹೋಕರು ನಿಂತು ನೋಡಿ, ಇದೇನು ಬೀನ್ಸೋ ಬೇಲಿಯೋ ಎಂದು ಮೂಗು ಮುರಿದು ಹೋದರು.

ಆ ವರ್ಷ ಮಳೆ ಬಿಡಲೇ ಇಲ್ಲ. ಹೂ ಬಿಡುವ ಹೊತ್ತಿಗೆ ಗುಡ್ಡದ ಮೇಲೆ ಮಂಜು ಕೂತದ್ದು ಏಳಲಿಲ್ಲ. ಮೊದಲು ಕಣಿವೆಯ ಹೊಲಗಳಲ್ಲಿ, ಆಮೇಲೆ ಮೇಲಿನ ಮೆಟ್ಟಿಲು ಹೊಲಗಳಲ್ಲಿ ಎಲೆಯ ನರ ಕಪ್ಪಾಯಿತು, ಕಾಯಿಗೆ ಕುಳಿ ಬಿತ್ತು. ನಮ್ಮವರು ಚಿಬ್ಬನ್ನು ಮೊದಲೂ ಕಂಡಿದ್ದರು, ಈ ಪರಿ ಕಂಡಿರಲಿಲ್ಲ. ಬೀನ್ಸ್ ಇಲ್ಲದೆ ನಮ್ಮಲ್ಲಿ ಊಟವೆಂಬುದಿಲ್ಲ. ಬರೀ ಗೆಣಸು ತಿಂದವನನ್ನು ಕೇಳಿದರೆ ತಿಂದಿಲ್ಲ ಎನ್ನುತ್ತಾನೆ. ಆ ಸಲ ಬಹಳ ಮನೆಗಳಲ್ಲಿ ಹಾಗೆ ಎನ್ನತೊಡಗಿದರು. ದೋನಾತಿಲ್ಲಾಳ ಹೊಲ ಮಾತ್ರ ಗುಡ್ಡದ ಮಗ್ಗುಲಿನಲ್ಲಿ ಹಚ್ಚಹಸಿರಾಗಿ ನಿಂತಿತ್ತು, ಬುಟಾರೆ ಪೇಟೆಯ ರಸ್ತೆಯಿಂದ ನೋಡಿದರೂ ಕಾಣುತ್ತಿತ್ತು.

ಅದನ್ನು ನೋಡಿ ಅವಳು ಹಿಗ್ಗಿದಳು. ಈಗ ಬಂದು ಕೇಳುತ್ತಾರೆ ಎಂದುಕೊಂಡಳು. ಬಂದರು, ಆದರೆ ಬೀಜ ಕೇಳಲು ಅಲ್ಲ.

ತಿಂಗಳ ಕೊನೆಯ ಶನಿವಾರ ಊರವರೆಲ್ಲ ಸೇರಿ ರಸ್ತೆ, ಚರಂಡಿ ಸರಿ ಮಾಡಿ ಆಮೇಲೆ ಸಭೆ ಕೂರುವುದುಂಟು. ಆ ಶನಿವಾರ ಗುದ್ದಲಿ ಕೆಳಗಿಡುವ ಮೊದಲೇ ಫೆಬ್ರೋನಿಯಾ ಮಾತು ತೆಗೆದಳು. ಅವಳು ದೋನಾತಿಲ್ಲಾಳ ಪಕ್ಕದ ಹೊಲದವಳು, ಐದು ಮಕ್ಕಳ ತಾಯಿ, ಗಟ್ಟಿ ಗಂಟಲು. ಅವಳ ಬೀನ್ಸ್ ಪೂರಾ ಹೋಗಿತ್ತು.

"ನಾನು ಯಾರ ಹೆಸರೂ ಹೇಳಲ್ಲ. ನನ್ನ ಹೊಲಕ್ಕೂ ಅವಳ ಹೊಲಕ್ಕೂ ನಡುವೆ ಒಂದು ಸಾಲು ಹುಲ್ಲು. ಒಂದೇ ಮಳೆ, ಒಂದೇ ಮಣ್ಣು. ನಂದು ಕೊಳೆತು ಹೋಯ್ತು, ಅವಳದ್ದು ಆಕಾಶ ಮುಟ್ಟಿದೆ. ಇನ್ನೂ ಬಿಡಿಸಿ ಹೇಳ್ಬೇಕಾ?"

"ಹೆಸರು ಹೇಳ್ಬಿಡು ಫೆಬ್ರೋನಿಯಾ, ನಾನು ಇಲ್ಲೇ ಕೂತಿದೀನಿ," ಎಂದಳು ದೋನಾತಿಲ್ಲಾ.

"ಹೇಳಿದ್ರೆ ಏನ್ಮಾಡ್ತೀಯಾ? ಉಳಿದ ಗೆಣಸಿಗೂ ಹಾಕ್ತೀಯಾ?"

ಊರ ಮುಖ್ಯಸ್ಥ ಕಂಗಾಲಾಗಿ ಮೇಲೆ ಕೇಂದ್ರಕ್ಕೆ ಆಳು ಕಳಿಸಿದ. ಕಾಯುಂಬಾ ಬಂದ. ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ, ಅವನ ತೊಂದರೆಯೇ ಅದು. ರೋಗ ಮಳೆಯಿಂದ ಬಂದದ್ದು, ಬೀಜದೊಳಗೇ ಕೂತಿರುತ್ತದೆ, ಕೇಂದ್ರದಿಂದ ಬಂದದ್ದಲ್ಲ ಎಂದು ಚೆನ್ನಾಗಿಯೇ ವಿವರಿಸಿದ. ಜನ ತಲೆಯಾಡಿಸುತ್ತಿದ್ದರು. ಅಷ್ಟಕ್ಕೆ ಕೂತಿದ್ದರೆ ಆಗುತ್ತಿತ್ತು. ಆದರೆ ದೋನಾತಿಲ್ಲಾಳ ಮರ್ಯಾದೆ ಉಳಿಸಬೇಕೆಂದು ಅವನಿಗೆ ಅನ್ನಿಸಿತು.

"ಈ ತಾಯಿ ಮೇಲೆ ನೀವು ಅನುಮಾನ ಪಡಬಾರದು. ರೋಗ ಹತ್ತಿಸೋದರಲ್ಲಿ ಇವರಷ್ಟು ಪಳಗಿದ ಕೈ ನಮ್ಮ ದೇಶದಲ್ಲೇ ಇಲ್ಲ. ಇವರು ಹತ್ತಿಸಿದ ರೋಗ ಒಂದು ಸಾಲೂ ತಪ್ಪಿದ್ದನ್ನ ನಾನು ನೋಡಿಲ್ಲ," ಎಂದ.

ದೋನಾತಿಲ್ಲಾಳ ಅಕ್ಕಪಕ್ಕ ಕೂತಿದ್ದವರು ಮೆಲ್ಲಗೆ ದೂರ ಸರಿದು ಕೂತರು. ನಾನು ತಲೆ ತಗ್ಗಿಸಿ ನನ್ನ ಕಾಲ್ಬೆರಳು ನೋಡಿಕೊಂಡೆ. ಕಾಯುಂಬಾ ಮಾತ್ರ ಒಳ್ಳೆ ಮಾತಾಡಿದೆನೆಂಬ ಮುಖದಲ್ಲಿ ಕೂತ.

ಅಂದಿನಿಂದ ಗುಡ್ಡ ಅವಳಿಗೆ ಬೆನ್ನು ಹಾಕಿತು. ಮುಖ್ಯಸ್ಥ ಯಾರೂ ಕೈ ಮಾಡಕೂಡದೆಂದು ತಾಕೀತು ಮಾಡಿದ್ದರಿಂದ ಹೊಡೆತ ಬಡಿತವೇನೂ ಆಗಲಿಲ್ಲ. ನೀರಿನ ಒರತೆಯಲ್ಲಿ ಅವಳು ಬಂದರೆ ಉಳಿದವರು ಬಿಂದಿಗೆ ಎತ್ತಿಕೊಳ್ಳುತ್ತಿದ್ದರು, ಅಷ್ಟೇ. ಆದರೂ ಅವಳು ಕೊಯ್ಲು ಮುಗಿಯುತ್ತಲೇ ಒಂದು ಬುಟ್ಟಿ ಹದಿನೇಳನ್ನು ತಲೆ ಮೇಲಿಟ್ಟುಕೊಂಡು ಮನೆ ಮನೆಗೂ ಹೋದಳು. ಬಿತ್ತಲು ಬೀಜವಿಲ್ಲದ ಮನೆಗಳವು. ಬಾಗಿಲಲ್ಲಿ ಮಕ್ಕಳನ್ನು ನಿಲ್ಲಿಸಿ, ಅಮ್ಮ ಇಲ್ಲ ಎಂದು ಹೇಳಿಸಿದರು. ಫೆಬ್ರೋನಿಯಾ ತಾನೇ ಹೊರಗೆ ಬಂದಳು.

"ನಿನ್ನ ಕೈಯಿಂದ ಬಂದದ್ದು ನನ್ನ ಮಣ್ಣಿಗೆ ಬೀಳಲ್ಲ. ಹಸಿದು ಸತ್ರೂ ಬೀಳಲ್ಲ."

"ಕೈಯಲ್ಲಿ ಕೊಡಲ್ಲ ಬಿಡು. ಇಲ್ಲೇ ಕೆಳಗೆ ಇಟ್ಟು ಹೋಗ್ತೀನಿ, ಆಮೇಲೆ ತಗೋ."

"ಇಟ್ಟರೆ ಬೆಂಕಿ ಹಾಕ್ತೀನಿ."

ದೋನಾತಿಲ್ಲಾ ತುಂಬಿದ ಬುಟ್ಟಿಯೊಂದಿಗೆ ಮನೆಗೆ ವಾಪಸು ಬಂದು, ಒಲೆಯ ಮುಂದೆ ಕೂತು ಅತ್ತಳಂತೆ. ಇದನ್ನು ವಿಯಾನೆ ಹೇಳಿದ. ಅವಳು ಅತ್ತದ್ದನ್ನು ಅವನು ಅದಕ್ಕೆ ಮುಂಚೆ ನೋಡಿರಲಿಲ್ಲವಂತೆ.

ಮುಂದಿನ ಬಿತ್ತನೆಗೂ ಅವಳು ಹದಿನೇಳನ್ನೇ ಹಾಕಿದಳು. ಕಾಯಿ ಒಣಗುವ ಹೊತ್ತಿಗೆ ವಿಯಾನೆ ಒಂದು ಬೆಳಿಗ್ಗೆ ನನ್ನಲ್ಲಿಗೆ ಓಡಿ ಬಂದ. ದಾರಿ ಬದಿಯ ಸಾಲುಗಳಲ್ಲಿ ಕಾಯಿ ಇಲ್ಲ. ಒಂದು ಕೋಲೂ ಬಿದ್ದಿಲ್ಲ, ಒಂದು ಬಳ್ಳಿಯೂ ಹರಿದಿಲ್ಲ. ಯಾರೋ ಜತನದಿಂದ, ಕಾಯಿ ಮಾತ್ರ ಬಿಡಿಸಿಕೊಂಡು ಹೋಗಿದ್ದಾರೆ.

"ನಾನು ಕಾವಲು ಕೂರ್ತೀನಿ. ಸಿಕ್ಕಿದವನ ಕಾಲು ಮುರೀತೀನಿ," ಎಂದ ವಿಯಾನೆ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದೋನಾತಿಲ್ಲಾ ಖಾಲಿ ಬಳ್ಳಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. "ಕಾವಲು ಬೇಡ. ಆ ಕಡೆ ಸಾಲಿನ ಹುಲ್ಲು ಸವರಿಬಿಡು. ಇಬ್ಬನಿಗೆ ಕಾಲು ಜಾರುತ್ತೆ ಪಾಪ," ಎಂದಳು.

ವಿಯಾನೆ ಅವಳಿಗೆ ತಲೆ ಕೆಟ್ಟಿದೆ ಎಂಬಂತೆ ನನ್ನ ಮುಖ ನೋಡಿದ. ಹುಲ್ಲನ್ನು ಮಾತ್ರ ಸವರಿದ. ಆ ವಾರದಲ್ಲಿ ಇನ್ನೂ ನಾಲ್ಕಾರು ಸಾಲು ಖಾಲಿಯಾದವು.

ಇನ್ನು ನನ್ನ ಕತೆ ಕೇಳಿ. ಅದರ ಮುಂದಿನ ಮಳೆಗಾಲದ ಬಿತ್ತನೆಯಾಗಿ ಸ್ವಲ್ಪ ದಿನಕ್ಕೆ ನನ್ನ ಬಾಗಿಲಿಗೆ ಗಿರಾಕಿಗಳು ಬರತೊಡಗಿದರು. ಹುಟ್ಟಿದಾರಭ್ಯ ಗಿಡ್ಡ ಬೀನ್ಸ್ ಬಿಟ್ಟು ಬೇರೆ ಬೆಳೆಯದ ಜನ.

"ಗಾಸ್ಪಾರ್, ಒಂದಿಷ್ಟು ಕೋಲು ಬೇಕಿತ್ತು."

"ಯಾತಕ್ಕಣ್ಣಾ?"

"ಕೋಳಿ ಗೂಡಿಗೆ."

"ಎರಡಾಳೆತ್ತರದ ಕೋಲು?"

"ಕೋಳಿ ದೊಡ್ಡದು."

ಇನ್ನೊಬ್ಬನಿಗೆ ಮೇಕೆ ಕಟ್ಟಲು ಹೊರೆಗಟ್ಟಲೆ ಕೋಲು ಬೇಕಾಗಿತ್ತು, ಇದ್ದದ್ದು ಒಂದೇ ಮೇಕೆ. ಚರ್ಚಿನಲ್ಲಿ ಹಾಡುವ ಮುದುಕಿ ಬಟ್ಟೆ ಒಣಹಾಕಲೆಂದಳು. ಫೆಬ್ರೋನಿಯಾ ಮಾತ್ರ ನೆಪ ಹೇಳುವ ಗೋಜಿಗೆ ಹೋಗಲಿಲ್ಲ. "ಕೋಲು ಮಾರೋನಿಗೆ ಯಾತಕ್ಕೆ ಬೇಕು ಅನ್ನೋ ಉಸಾಬರಿ ಯಾಕೆ? ಹೊತ್ತು ತಂದು ಹಾಕು," ಎಂದಳು. ನಾನು ಹೊತ್ತು ತಂದು ಹಾಕಿದೆ. ನನ್ನ ಮರ ಸಾಲದೆ ಪಕ್ಕದ ಗುಡ್ಡದಿಂದ ತರಿಸಿದೆ. ಒಬ್ಬೊಬ್ಬರ ಹೊಲಕ್ಕೂ ಕೋಲು ಇಳಿಸುವಾಗ ನೆಲದಲ್ಲಿ ಎರಡೆಲೆಯ ಬಳ್ಳಿ ತಲೆಯೆತ್ತಿರುವುದು ಕಾಣುತ್ತಿತ್ತು. ಯಾರೂ ಅದರತ್ತ ನೋಡುತ್ತಿರಲಿಲ್ಲ, ನಾನೂ ನೋಡಲಿಲ್ಲ. ವ್ಯಾಪಾರ ಮಾಡುವವನ ಬಾಯಿಗೆ ಬೀಗವಿರಬೇಕು. ದೋನಾತಿಲ್ಲಾಳಿಗೆ ಮಾತ್ರ ಸುದ್ದಿ ಮುಟ್ಟಿಸುತ್ತಿದ್ದೆ. ಅವಳು ಸಾಲು ಎಷ್ಟು ಅಂತರಕ್ಕೆ ಹಾಕಿದ್ದಾರೆ, ಬುಡದಲ್ಲಿ ನೀರು ನಿಲ್ಲುತ್ತಿಲ್ಲವಷ್ಟೆ ಎಂದು ಕೇಳುವಳು. ಯಾರ ಹೊಲ ಎಂದು ಒಮ್ಮೆಯೂ ಕೇಳಲಿಲ್ಲ.

ಮಳೆ ಆ ಸಲವೂ ಜೋರಾಗಿಯೇ ಬಂತು. ಬಳ್ಳಿಗಳು ಅಲುಗಲಿಲ್ಲ. ನಮ್ಮ ಗುಡ್ಡದಲ್ಲಿ ಯಾರೂ ಕಂಡಿರದಷ್ಟು ಕಾಳಾಯಿತು. ಅದರ ಜೊತೆಗೆ ಒಂದು ಕತೆಯೂ ಬೆಳೆಯಿತು. ಫೆಬ್ರೋನಿಯಾಳಿಗೆ ನ್ಯಾರುಗುರು ಕಡೆ ಒಬ್ಬ ಅತ್ತಿಗೆ ಇದ್ದಾಳಂತೆ, ಬೀಜ ಕೊಟ್ಟವಳು ಅವಳಂತೆ. ಮೇಕೆಯವನಿಗೆ ಕನಸಿನಲ್ಲಿ ಅಜ್ಜಿ ಬಂದು ಹಳೆಯ ಮಡಕೆ ತೋರಿಸಿದಳಂತೆ. ಎಲ್ಲ ಕತೆಗಳ ಕೊನೆ ಒಂದೇ ಆಗಿತ್ತು. ವಿಷ ಹಾಕುವವಳ ಆಟ ಇನ್ನು ನಡೆಯುವುದಿಲ್ಲ, ಈ ಬೀನ್ಸಿನ ಮುಂದೆ ಅವಳ ರೋಗದ ನೀರು ಬರೀ ನೀರು. ಇದನ್ನು ಕೇಳಿ ನನಗೆ ಮೈ ಉರಿಯಿತು, ಈಗಲೂ ಉರಿಯುತ್ತದೆ.

ಒಂದು ಮಧ್ಯಾಹ್ನ ನಾನು ದೋನಾತಿಲ್ಲಾಳ ಅಂಗಳದಲ್ಲಿ ಹೊಸ ಕೋಲು ಇಳಿಸುತ್ತಿದ್ದೆ. ಫೆಬ್ರೋನಿಯಾ ತಲೆಯ ಮೇಲೆ ಸಣ್ಣ ಬುಟ್ಟಿ ಹೊತ್ತು ಬೇಲಿಯ ಬಳಿ ಬಂದು ನಿಂತಳು. ಗೆದ್ದವರ ಔದಾರ್ಯ ಮುಖದಲ್ಲಿತ್ತು.

"ನೋಡು ದೋನಾತಿಲ್ಲಾ, ನಾನು ಹಳೇದನ್ನ ಎದೇಲಿಟ್ಕೊಂಡು ಕೂರೋಳಲ್ಲ. ನೀನೂ ಹೆಂಗಸು, ಸಂಸಾರದೋಳು. ಆ ಕೇಂದ್ರದ ಬೀಜ ಬಿಟ್ಹಾಕು, ಅದರಲ್ಲಿ ಏನೇನು ಬೆರೆಸಿರ್ತಾರೋ. ಇದು ಶುದ್ಧ ಬೀಜ, ನಮ್ಮ ಅಜ್ಜಿಯರದ್ದು. ಬಿತ್ತಿ ಒಳ್ಳೇಳಾಗು."

ದೋನಾತಿಲ್ಲಾ ಎರಡೂ ಕೈಯಲ್ಲಿ ಬುಟ್ಟಿ ತೆಗೆದುಕೊಂಡಳು. ನಾನು ಹೊರೆ ಹಿಡಿದೇ ಹತ್ತಿರ ಹೋಗಿ ಇಣುಕಿದೆ, ಕಾಳುಗಳ ಕಣ್ಣಿನ ಸುತ್ತ ಅದೇ ತೆಳು ಕಪ್ಪು ಗೆರೆ.

"ಚಿಬ್ಬು ಹತ್ತಲ್ವಾ ಇದಕ್ಕೆ?" ಎಂದು ಕೇಳಿದಳು.

"ಹತ್ತಲ್ಲ."

"ಎಲೆ ಅಡಿಗೆ ನೋಡಿದ್ಯಾ? ನರಕ್ಕೆ?"

"ಮಗುಚಿ ಮಗುಚಿ ನೋಡಿದೀನಿ. ಒಗೆದ ಬಟ್ಟೆ ಇದ್ದ ಹಾಗಿದೆ, ಒಂದು ಕಲೆ ಇಲ್ಲ."

"ಕಾಯಿ? ಮಂಜು ಕೂತಾಗ?"

"ಮಂಜು ಕೂತ್ರೂ ಇಲ್ಲ, ನಿನ್ನಂಥೋರು ಪಕ್ಕದಲ್ಲಿ ಕೂತ್ರೂ ಇಲ್ಲ. ಅನುಮಾನ ಇದ್ರೆ ಬಿಡು, ವಾಪಸ್ ಕೊಡು."

"ಅನುಮಾನ ಇಲ್ಲ. ಉಪಕಾರ ಆಯ್ತು ಫೆಬ್ರೋನಿಯಾ."

ಫೆಬ್ರೋನಿಯಾ ಸೊಂಟಕ್ಕೆ ಸುತ್ತಿದ ಬಟ್ಟೆ ಕೊಡವಿಕೊಂಡು ಇಳಿದು ಹೋದಳು. ನನಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಹೊರೆಯನ್ನು ದೊಪ್ಪನೆ ಹಾಕಿದೆ.

"ನಿನ್ನ ಬಾಯಿ ಬಿದ್ದೋಯ್ತಾ ಅಕ್ಕಾ? ಈಗಲೇ ಕೂಗಿ ಕರೀತೀನಿ. ಯಾವ ಹೊಲದಿಂದ ಕದ್ದಿದ್ದು, ಯಾರ ಕೈಯಿಂದ ಹುಟ್ಟಿದ್ದು, ಎಲ್ಲಾ ಶನಿವಾರದ ಸಭೇಲಿ ಹೇಳ್ತೀನಿ. ಕೋಲು ತಗೊಂಡೋರ ಹೆಸರೆಲ್ಲ ನನಗೆ ಬಾಯಿಪಾಠ. ನಿನ್ನ ಮೇಲಿರೋ ಕಳಂಕ ಒಂದೇ ದಿನದಲ್ಲಿ ಹೋಗುತ್ತೆ."

ಅವಳು ಬುಟ್ಟಿಯಿಂದ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಹರಡಿ, ಒಂದೊಂದನ್ನೇ ಬೆರಳಲ್ಲಿ ಸರಿಸಿ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಅದನ್ನು ಮುಚ್ಚಿಡಲೂ ಇಲ್ಲ, ಒರೆಸಲೂ ಇಲ್ಲ.

"ನೀನು ಏನೂ ಹೇಳಬೇಡ ಗಾಸ್ಪಾರ್," ಎಂದಳು. "ಇದು ನನ್ನದು ಅಂತ ಗೊತ್ತಾದ್ರೆ, ಬೆಳಗಾಗೋದ್ರಲ್ಲಿ ಕಿತ್ತು ಹಾಕ್ತಾರೆ."